ಹೆಂಗಸರದ್ದೇ ಕೂಟ: ನ್ಯಾಯವೋ ಅನ್ಯಾಯವೋ?

ಕಳೆದ ಆಟಿ ತಿಂಗಳ ಒಂದು ಸಂಜೆ ನಮ್ಮ ವಾಚನಾಲಯದ ಜಗಲಿಯಲ್ಲಿ ಒಂದು ಚರ್ಚೆ ಎದ್ದಿತು. ಮಳೆ ಬಿಡುವ ಲಕ್ಷಣ ಇರಲಿಲ್ಲ, ಮನೆಗೆ ಹೋಗುವ ಹಾಗೂ ಇರಲಿಲ್ಲ. ಹಾಗಾಗಿ ಚರ್ಚೆ ಸ್ವಲ್ಪ ಉದ್ದವೇ ಹೋಯಿತು. ವಿಷಯ ಬಂದದ್ದು ನನ್ನ ಮಗಳಿಂದ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ರಜೆಯಲ್ಲಿ ಬಂದವಳು ನಾನು ಓದಿದ ಪುಸ್ತಕ ಹಿಂದೆ ಕೊಡಲು ಬಂದಿದ್ದಳು. ಮಾತಿಗೆ ಮಾತು ಬಂದು, ಅಲ್ಲಿ ಹೆಂಗಸರಿಗೆ ಮಾತ್ರ ಇರುವ ಒಂದು ಕಂಪ್ಯೂಟರ್ ಕೂಟ ಉಂಟು, ತಿಂಗಳಿಗೆ ಎರಡು ಶನಿವಾರ ಸೇರುತ್ತೇವೆ, ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆ ಎಂದಳು.

“ಗಂಡಸರು ಬಂದ್ರೆ?” ಎಂದು ಒಬ್ಬ ಹುಡುಗ ಕೇಳಿದ.

“ಬರುವ ಹಾಗಿಲ್ಲ.”

“ಹಾಗಾದ್ರೆ ನಾವು ‘ಗಂಡಸರಿಗೆ ಮಾತ್ರ’ ಅಂತ ಒಂದು ಬೋರ್ಡು ಹಾಕಿದ್ರೆ ನೀವು ಬಿಡ್ತೀರಾ ಅಕ್ಕ? ಸಮಾನತೆ ಅಂದ್ರೆ ಎರಡು ಕಡೆಗೂ ಬೇಕಲ್ವಾ?”

ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಮಗಳು ನನ್ನ ಮುಖ ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ, ಕೊಡೆ ತಗೊಂಡು ಹೋದಳು.

ಆ ನಗು ನನಗೆ ಆಮೇಲೆ ಸರಿ ಕಾಣಲಿಲ್ಲ. ನಾನು ಏಳನೇ ಕ್ಲಾಸು ಓದಿದವನು, ಕಂಗಿನ ತೋಟ ಮತ್ತು ಒಂದಿಷ್ಟು ಗದ್ದೆ ನೋಡಿಕೊಂಡು, ಕರೆದಲ್ಲಿಗೆ ಹೋಗಿ ಪಾಡ್ದನ, ನೇಜಿ ಹಾಡು ಹಾಡುವವನು. ಕಂಪ್ಯೂಟರಿನ ವಿಷಯ ಬರೆಯಲು ನನಗೆ ಯೋಗ್ಯತೆ ಇಲ್ಲ ಎಂದು ಕೆಲವರು ಹೇಳಬಹುದು. ಆದರೆ ಈ ಪ್ರಶ್ನೆ ಕಂಪ್ಯೂಟರಿನದ್ದಲ್ಲ. ಎಲ್ಲರಿಗೂ ಸೇರಿದ್ದು ಎಂದು ಹೇಳುವ ಒಂದು ಜಾಗದಲ್ಲಿ ಕೆಲವರು ಬೇರೆ ಕೂತರೆ ಅದು ನ್ಯಾಯವೋ ಎಂಬುದು ಪ್ರಶ್ನೆ. ಇದು ಹಾಡಿಗೂ ಸಂಬಂಧಪಟ್ಟದ್ದೇ, ಈ ವಾಚನಾಲಯಕ್ಕೂ ಸಂಬಂಧಪಟ್ಟದ್ದೇ.

ಆ ಹುಡುಗನ ಪ್ರಶ್ನೆಯನ್ನು ತಳ್ಳಿಹಾಕಬಾರದು. ಬಾಗಿಲಲ್ಲಿ ನಿಂತು ನೀನು ಒಳಗೆ ಬರಬೇಡ ಎಂದರೆ ಯಾರಿಗಾದರೂ ಬೇಸರ ಆಗುತ್ತದೆ. ಹುಟ್ಟಿನಿಂದ ಬಂದ ಒಂದು ಗುರುತು ನೋಡಿ ಹೊರಗೆ ನಿಲ್ಲಿಸುವ ಪದ್ಧತಿಯಿಂದ ನಮ್ಮ ಊರು ಎಷ್ಟು ಹಾಳಾಗಿದೆ ಎಂದು ನಮಗೆಲ್ಲ ಗೊತ್ತುಂಟು. ಹಾಗಿರುವಾಗ ಹೊಸತಾಗಿ ಯಾಕೆ ಬಾಗಿಲು ಹಾಕುವುದು? ಅವನು ಕೇಳಿದ್ದರಲ್ಲಿ ಅಷ್ಟು ಸತ್ವ ಉಂಟು.

ಆದರೆ ಅವನ ವಾದದಲ್ಲಿ ಒಂದು ತಪ್ಪು ಲೆಕ್ಕವೂ ಉಂಟು. ಹೆಂಗಸರು ಬೇರೆ ಕೂರುವ ಮೊದಲು ಎಲ್ಲರೂ ಒಟ್ಟಿಗೆ ಕೂತಿದ್ದರು ಎಂದು ಅವನು ಗ್ರಹಿಸಿದ್ದಾನೆ. ನಿಜವಾಗಿ ಕೂತಿದ್ದರೋ?

ಮರುದಿನ ಮಗಳನ್ನು ಕೂರಿಸಿ ಕೇಳಿದೆ. ಅವಳು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಸಾಫ್ಟ್‌ವೇರಿನಲ್ಲಿ ಎರಡು ತರ ಉಂಟು. ಒಂದು ಕಂಪೆನಿಗಳು ಮಾಡಿ ಮಾರುವುದು. ಇನ್ನೊಂದು ಮುಕ್ತ ತಂತ್ರಾಂಶ. ಅದನ್ನು ಯಾರೂ ತೆಗೆದು ನೋಡಬಹುದು, ತಿದ್ದಬಹುದು, ಹಂಚಬಹುದು. ನಮ್ಮ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದೂ ಅದೇ. ನಮ್ಮ ಜನಪದ ಹಾಡಿನ ಹಾಗೆ, ಕಟ್ಟಿದವರು ಯಾರೋ, ಹಾಡುವವರು ಎಲ್ಲರೂ. ಅಲ್ಲಿ ಬಾಗಿಲೇ ಇಲ್ಲ. ಗಂಡು ಹೆಣ್ಣು ಯಾರೂ ಕೇಳುವುದಿಲ್ಲ.

ಹಾಗಿದ್ದರೆ ಅಲ್ಲಿ ಹೆಂಗಸರು ತುಂಬಿರಬೇಕಲ್ಲ? 2006ರಲ್ಲಿ ಯುರೋಪಿನವರು ಒಂದು ಅಧ್ಯಯನ ಮಾಡಿಸಿದರು. ಕಂಪೆನಿಗಳ ಸಾಫ್ಟ್‌ವೇರ್ ಕೆಲಸದಲ್ಲಿ ನೂರಕ್ಕೆ ಸುಮಾರು 28 ಮಂದಿ ಹೆಂಗಸರು. ಬಾಗಿಲೇ ಇಲ್ಲದ ಈ ಮುಕ್ತ ತಂತ್ರಾಂಶದಲ್ಲಿ ನೂರಕ್ಕೆ ಒಂದೂವರೆ! ನಾನು ಎರಡು ಸಲ ಕೇಳಿದೆ, ಹದಿನೈದೋ ಒಂದೂವರೆಯೋ ಎಂದು. ಒಂದೂವರೆಯೇ.

ಅದೇ 2006ರಲ್ಲಿ ಇನ್ನೊಂದು ಸಂಗತಿ ನಡೆಯಿತು. ‘ಗ್ನೋಮ್’ ಎಂಬ ಒಂದು ಮುಕ್ತ ತಂತ್ರಾಂಶದ ತಂಡ ಉಂಟು. ಗೂಗಲ್ ಕಂಪೆನಿ ನಡೆಸುವ ಬೇಸಗೆ ತರಬೇತಿಯಲ್ಲಿ ಆ ತಂಡಕ್ಕೆ 181 ಅರ್ಜಿ ಬಂತು. ಅದರಲ್ಲಿ ಹೆಂಗಸರದ್ದು ಎಷ್ಟು? ಒಂದೂ ಇಲ್ಲ. ತಂಡದವರು ಯೋಚಿಸಿ, ಅದೇ ತರದ ಕೆಲಸವನ್ನು ಹೆಂಗಸರಿಗೆ ಮಾತ್ರ ಎಂದು ಪ್ರಕಟಿಸಿದರು. ನೂರು ಅರ್ಜಿ ಬಂತು. ಕೆಲಸ ಹಳೆಯದೇ, ಕಲಿತ ಹೆಂಗಸರೂ ಮೊದಲೇ ಇದ್ದವರೇ. ಬದಲಾದದ್ದು ಬೋರ್ಡು ಮಾತ್ರ. ಹಾಗಾದರೆ ಮೊದಲಿನ ಬೋರ್ಡಿನಲ್ಲಿ ‘ಎಲ್ಲರಿಗೂ’ ಎಂದು ಇದ್ದರೂ ಅವರ ಕಣ್ಣಿಗೆ ಅದು ಬೇರೆ ತರ ಓದಿಸಿಕೊಂಡಿತ್ತು ಎಂದೇ ಅಲ್ಲವೇ ಅರ್ಥ?

ಮಗಳು ತನ್ನದೂ ಹೇಳಿದಳು. ಮೊದಲ ಕೆಲಸದಲ್ಲಿ ಅವಳು ಒಂದು ಸಂಶಯ ಕೇಳಿದರೆ ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಅದೇ ಸಂಶಯವನ್ನು ಪಕ್ಕದ ಹುಡುಗ ಕೇಳಿದರೆ ಉತ್ತರ ಸಿಗುತ್ತಿತ್ತು. ಬೈದವರು ಯಾರೂ ಇಲ್ಲ. “ಯಾರೂ ಬೈಲಿಲ್ಲ ಅಪ್ಪ, ನಗ್ತಿದ್ರು ಅಷ್ಟೇ” ಎಂದಳು. ಜಗಲಿಯಲ್ಲಿ ನಕ್ಕವರಲ್ಲಿ ನಾನೂ ಒಬ್ಬ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದ್ದೇನೆ.

ನನಗೆ ಹಾಡು ಕಲಿಸಿದ್ದು ಅಕ್ಕ. ಕಲಿಸಿದ್ದು ಎಂದರೆ ಎದುರು ಕೂರಿಸಿ ಅಲ್ಲ. ಏಣೆಲು ಬೇಸಾಯದ ಸಮಯ ಹೆಂಗಸರು ಸಾಲಾಗಿ ಬಗ್ಗಿ ನೇಜಿ ನೆಡುವಾಗ ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿದುಕೊಳ್ಳುವ ಹಾಡುಗಳು. ನಾನು ಹುಣಿಯ ಮೇಲೆ ನೇಜಿ ಕಟ್ಟು ಹೊತ್ತು ನಡೆಯುವ ಹುಡುಗ. ಕೇಳಿ ಕೇಳಿ ಬಾಯಿಪಾಠ ಆಯಿತು. ಎತ್ತಿಕೊಡುವವಳು ಹೆಚ್ಚಾಗಿ ಅಕ್ಕನೇ. ದೊಡ್ಡವನಾದ ಮೇಲೆ ನಾನು ಅದೇ ಹಾಡುಗಳನ್ನು ವೇದಿಕೆಯಲ್ಲಿ ಹಾಡಿದೆ. ಶಾಲು ಹೊದೆಸಿದರು, ಹಾರ ಹಾಕಿದರು. ಅಕ್ಕ ಒಂದು ದಿನವೂ ವೇದಿಕೆ ಹತ್ತಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಬಾ ಎಂದೂ ಹೇಳಲಿಲ್ಲ. “ಅಕ್ಕನ ಹಾಡೆಲ್ಲ ನನ್ನಲ್ಲಿ ಉಂಟು” ಎಂದು ಮೈಕಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಗೌರವದಿಂದಲೇ ಹೇಳಿದ್ದು.

ಕೆಲವು ವರ್ಷದ ಹಿಂದೆ ನಮ್ಮ ವಾರ್ಡಿನ ಕುಟುಂಬಶ್ರೀಯ ಹೆಂಗಸರು ಒಂದು ಹಾಡಿನ ಕೂಟ ಮಾಡಿದರು. ಕುಟುಂಬಶ್ರೀ ಹೊರಗಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ. 1998ರಲ್ಲಿ ಕೇರಳ ಸರ್ಕಾರ ಸುರು ಮಾಡಿದ್ದು. ನೆರೆಕರೆಯ ಹತ್ತಿಪ್ಪತ್ತು ಹೆಂಗಸರು ಸೇರಿ ಒಂದು ಅಯಲ್‌ಕೂಟ, ಅದರ ಮೇಲೆ ವಾರ್ಡಿನದ್ದು, ಅದರ ಮೇಲೆ ಪಂಚಾಯತಿನದ್ದು. ವಾರ ವಾರ ಸೇರುತ್ತಾರೆ, ಉಳಿತಾಯ, ಸಾಲ, ಈಗ ಕೃಷಿ, ಹೋಟೆಲು ಎಲ್ಲ ಉಂಟು. ಅಕ್ಕನೂ ಹೋಗಲು ಸುರು ಮಾಡಿದಳು. ನಾನು ಹಾಡುಗಾರ ಅಲ್ಲವೋ, ಕಲಿಸಿಕೊಡುತ್ತೇನೆ ಎಂದು ಹೊರಟೆ. ಬಾಗಿಲಲ್ಲೇ ಒಬ್ಬಳು, ನಾನು ಎತ್ತಿ ಆಡಿಸಿದ ಹುಡುಗಿ, “ಮಾಮ, ಇದು ನಾವು ನಾವೇ ಸೇರುವುದು, ನೀವು ಬೇಡ” ಎಂದಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮನೆಗೆ ಬಂದು ಊಟ ಮಾಡಲಿಲ್ಲ.

ರಾತ್ರಿ ಅಕ್ಕನಲ್ಲಿ ಕೇಳಿದೆ, ಏನು ಹಾಡಿದ್ದು ಎಂದು. ಒಂದು ಹಾಡು ಹೇಳಿದಳು. ನಾನು ಕೇಳದ ಹಾಡು! ಗಂಡನ ಮನೆಯಿಂದ ತವರಿಗೆ ಹೊರಟ ಒಬ್ಬಳು ದಾರಿಯಲ್ಲಿ ನದಿಯ ಹತ್ತಿರ ಮಾತಾಡುವುದು. “ಇದು ಎಲ್ಲಿಂದ ಬಂತು?” ಎಂದೆ. “ಅಮ್ಮ ಹೇಳುತ್ತಿದ್ದದ್ದು” ಎಂದಳು. ನನಗೆ ಅರುವತ್ತು ದಾಟಿತ್ತು. “ಇಷ್ಟು ವರ್ಷ ಯಾಕೆ ಹಾಡಲಿಲ್ಲ ನನ್ನ ಎದುರು?” ಎಂದು ಕೇಳಿದ್ದಕ್ಕೆ ಅವಳು ಹೇಳಿದಳು: “ನೀನು ಇದ್ದರೆ ತಿದ್ದುತ್ತೀ. ತಾಳ ಸರಿ ಇಲ್ಲ ಅನ್ನುತ್ತೀ. ಇದು ತಿದ್ದುವ ಹಾಡು ಅಲ್ಲ.”

ಅಂದಿನಿಂದ ಎಲ್ಲ ಹಾಡು ನನ್ನಲ್ಲಿ ಉಂಟು ಎಂದು ನಾನು ಮೈಕಿನಲ್ಲಿ ಹೇಳಿಲ್ಲ.

ನಾನು ಒಳಗೆ ಹೋಗಿದ್ದರೆ ಆ ಹಾಡು ಹೊರಗೆ ಬರುತ್ತಿರಲಿಲ್ಲ. ನನ್ನಿಂದ ಯಾರಿಗೂ ಕೇಡು ಇಲ್ಲ, ಆದರೂ ಬರುತ್ತಿರಲಿಲ್ಲ. ಅವರು ಬಾಗಿಲು ಹಾಕಿದ್ದರಿಂದ ನನಗೆ ಒಂದು ಸಂಜೆಯ ಬೇಸರ ಆಯಿತು. ತೆರೆದಿಟ್ಟಿದ್ದರೆ ಒಂದು ಹಾಡು ಹೋಗುತ್ತಿತ್ತು. ಎರಡನ್ನು ತಕ್ಕಡಿಯಲ್ಲಿಟ್ಟರೆ ಯಾವುದು ಭಾರ?

ಇದಕ್ಕೆ ಎದುರು ವಾದವೂ ಉಂಟು, ಅದನ್ನು ಮುಚ್ಚಿಡಬಾರದು. ನಮ್ಮ ಮಧೂರಿನವರೇ ಆದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೇಳದಲ್ಲಿ ಭಾಗವತಿಕೆಗೆ ಕೂತ ಮೊದಲ ವೃತ್ತಿಪರ ಮಹಿಳೆ. 2024ರ ಡಿಸೆಂಬರಿನಲ್ಲಿ ತೀರಿಹೋದರು. ಅವರು ಹೆಂಗಸರದ್ದೇ ಮೇಳ ಎಂದು ಕಾಯಲಿಲ್ಲ. ರಾತ್ರಿಯಿಡೀ ಗಂಡಸರ ನಡುವೆ ಜಾಗಟೆ ಹಿಡಿದು ಕೂತು, ಅದೇ ರಂಗಸ್ಥಳವನ್ನು ಗೆದ್ದರು. ಅವರಿಗೆ ಆಗುವುದಾದರೆ ಉಳಿದವರಿಗೆ ಯಾಕೆ ಬೇರೆ ಕೂಟ ಎಂದು ಕೇಳುವವರು ಇದ್ದಾರೆ. ನಾನು ಅವರ ಪದ್ಯ ಕೇಳಿದವನು, ಕೈಮುಗಿಯುತ್ತೇನೆ. ಆದರೆ ಅವರಿಗೆ ಹಿಮ್ಮೇಳ ಬಲ್ಲ ಗಂಡ ಹರಿನಾರಾಯಣ ಬೈಪಾಡಿತ್ತಾಯರು ಗುರುವಾಗಿ, ಪಕ್ಕದಲ್ಲಿ ಚೆಂಡೆ ಮದ್ದಳೆಗೆ ಇದ್ದರು. ಅಂಥ ಗಂಡ ಇಲ್ಲದವರು, ಅಂಥ ಅಣ್ಣ ತಮ್ಮಂದಿರು ಇಲ್ಲದವರು ಎಲ್ಲಿಗೆ ಹೋಗಬೇಕು? ಒಬ್ಬರು ನದಿ ಈಜಿ ದಾಟಿದರು ಎಂದು ಊರಿಗೆ ಸಂಕ ಬೇಡ ಎನ್ನಲಿಕ್ಕಾಗುತ್ತದೋ?

ಇನ್ನು ನಮ್ಮ ಕಾಸರಗೋಡಿನವರು ಈ ಪ್ರಶ್ನೆಯನ್ನು ಬೇರೆಯವರ ಹಾಗೆ ಕೇಳಲಿಕ್ಕೇ ಇಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು, ಅದು ನಡೆಯಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಅದೇ ಕೊರಗಿನಲ್ಲಿ ಹೋದರು. ನಾವು ಕೇಳುವುದು ಏನು? ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು, ಕಚೇರಿಯಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವ ಹಾಗಿರಬೇಕು, ನಮಗೆ ನಮ್ಮದೇ ಸಂಘ, ನಮ್ಮದೇ ಸಮ್ಮೇಳನ ಬೇಕು. ಆಗ ಯಾರಾದರೂ ಮಲಯಾಳಿ ಗೆಳೆಯ, “ಎಲ್ಲ ಶಾಲೆಯೂ ಎಲ್ಲರಿಗೂ ತೆರೆದೇ ಉಂಟಲ್ಲ, ನಿಮಗೆ ಯಾಕೆ ಬೇರೆ? ನಾವೂ ಕನ್ನಡದವರಿಗೆ ಪ್ರವೇಶ ಇಲ್ಲ ಎಂದು ಹಾಕಿದರೆ?” ಎಂದು ಕೇಳಿದರೆ ನಮಗೆ ಹೇಗಾಗುತ್ತದೆ? ಎಲ್ಲ ಕಡೆ ಅವರ ಭಾಷೆಯೇ ಇರುವಾಗ ಅವರಿಗೆ ಬೋರ್ಡು ಹಾಕುವ ಅಗತ್ಯವೇ ಇಲ್ಲ ಎಂದು ನಾವೇ ಉತ್ತರ ಕೊಡುತ್ತೇವೆ. ಆ ಉತ್ತರ ಹೆಂಗಸರ ಬಾಯಿಯಲ್ಲಿ ಬಂದಾಗ ಮಾತ್ರ ನಮಗೆ ಅರ್ಥ ಆಗುವುದಿಲ್ಲ.

ನಮ್ಮ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. 15ನೇ ವಿಧಿಯಲ್ಲಿ ಲಿಂಗದ ಕಾರಣಕ್ಕೆ ಭೇದ ಮಾಡಬಾರದು ಎಂದರು. ಅದೇ ವಿಧಿಯ 3ನೇ ಉಪವಿಧಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಬಹುದು ಎಂದೂ ಬರೆದರು. 1956ರಲ್ಲಿ ಸೇರಿಸಿದ 350ಎ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತು ಬಂತು. ಎರಡನೆಯದನ್ನು ಹಿಡಿದು ಹೋರಾಡುವ ನಾವು ಮೊದಲನೆಯದನ್ನು ನೋಡಿ ನಗಬಾರದು.

ಇಷ್ಟು ಯೋಚಿಸಿ ನಾನು ಮಗಳಿಗೆ ಫೋನಿನಲ್ಲಿ ಒಂದು ಉಪಮೆ ಹೇಳಿದೆ. ನಿಮ್ಮ ಕೂಟ ನೇಜಿಯ ಗದ್ದೆಯ ಹಾಗೆ. ಬೀಜವನ್ನು ಮೊದಲು ಬೇರೆ ಕಡೆ ಬಿತ್ತಿ, ಹಕ್ಕಿ ದನ ಬಾರದ ಹಾಗೆ ನೋಡಿ, ಎಳೆ ಬಲಿತ ಮೇಲೆ ಕಿತ್ತು ದೊಡ್ಡ ಗದ್ದೆಗೆ ನೆಡುತ್ತೇವೆ. ಒಳ್ಳೆಯದು ಹೇಳಿದೆ ಎಂದು ನನಗೆ ಖುಷಿ. ಅವಳು ಒಪ್ಪಲಿಲ್ಲ. “ನಾವು ನೇಜಿ ಅಲ್ಲ ಅಪ್ಪ, ಬೆಳೆದ ಪೈರೇ. ನೀರನ್ನು ಬೇರೆ ಕಡೆ ತಿರುಗಿಸಿದ್ದು ಯಾರು ಅಂತ ನೋಡಿ” ಎಂದಳು.

ಆಮೇಲೆ ಹೇಳಿದಳು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ‘ಎನಿಯಾಕ್’ ಎಂಬ ಕೋಣೆ ತುಂಬುವ ಕಂಪ್ಯೂಟರ್ ಮಾಡಿದಾಗ ಅದಕ್ಕೆ ಲೆಕ್ಕದ ಕ್ರಮ ಕೂಡಿಸಿಕೊಟ್ಟವರು ಆರು ಮಂದಿ ಹೆಂಗಸರು. 1946ರಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ಹೊಗಳಿಕೆ ಯಂತ್ರ ಮಾಡಿದ ಗಂಡಸರಿಗೆ ಹೋಯಿತು. 1984ರ ಸುಮಾರಿಗೆ ಅಲ್ಲಿ ಕಂಪ್ಯೂಟರ್ ಪದವಿ ಪಡೆಯುವವರಲ್ಲಿ ನೂರಕ್ಕೆ 37 ಮಂದಿ ಹೆಂಗಸರು. ಇಪ್ಪತ್ತೈದು ವರ್ಷ ಕಳೆಯುವಾಗ ಅದು 18ಕ್ಕೆ ಇಳಿಯಿತು. ಕಲಿಯುವ ಶಕ್ತಿ ಇಪ್ಪತ್ತೈದು ವರ್ಷದಲ್ಲಿ ಅರ್ಧ ಆಗುವುದುಂಟೋ? ಇಲ್ಲ. ಆ ಕೆಲಸಕ್ಕೆ ಹಣ, ಹೆಸರು ಬಂದ ಹಾಗೆ ಅದು ಗಂಡಸರ ಕೆಲಸ ಆಯಿತು. ಮನೆಗೆ ಕಂಪ್ಯೂಟರ್ ಬಂದಾಗ ಅದನ್ನು ಗಂಡುಮಕ್ಕಳ ಆಟದ ಸಾಮಾನು ಎಂದು ಮಾರಿದರು. ನೇಜಿ ಹಾಡು ಗದ್ದೆಯಲ್ಲಿ ಇರುವಾಗ ಅಕ್ಕನದ್ದು, ಶಾಲು ಬಂದಾಗ ನನ್ನದು ಆದ ಹಾಗೆಯೇ. ನನ್ನ ಉಪಮೆಯನ್ನು ನಾನು ಹಿಂದೆ ತೆಗೆದುಕೊಂಡೆ.

ಒಟ್ಟಿಗೆ ಕೂತು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಉಂಟು. ಮಲಯಾಳ ಸಿನೆಮಾದಲ್ಲಿ ಎಲ್ಲ ನಟನಟಿಯರಿಗೂ ಸೇರಿದ ಸಂಘ ಮೊದಲೇ ಇತ್ತು. ಆದರೂ 2017ರಲ್ಲಿ ಒಬ್ಬ ನಟಿಯ ಮೇಲೆ ದೌರ್ಜನ್ಯ ಆದ ಮೇಲೆ ಹೆಂಗಸರು ತಮ್ಮದೇ ‘ವಿಮೆನ್ ಇನ್ ಸಿನೆಮಾ ಕಲೆಕ್ಟಿವ್’ ಕಟ್ಟಿದರು. ಅವರು ಒತ್ತಾಯ ಮಾಡಿದ್ದರಿಂದ ನ್ಯಾಯಮೂರ್ತಿ ಹೇಮಾ ಸಮಿತಿ ಬಂತು. ವರದಿ 2019ರ ಕೊನೆಗೆ ಸರ್ಕಾರದ ಕೈಗೆ ಹೋಗಿ, ಜನರ ಕೈಗೆ ಬರುವಾಗ 2024ರ ಆಗಸ್ಟ್ ಆಯಿತು. ಅದರಲ್ಲಿ ಇದ್ದ ಸಂಗತಿಗಳನ್ನು ಎಲ್ಲರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಲಿಕ್ಕೆ ಆಗುತ್ತಿತ್ತೋ ಎಂದು ನೀವೇ ಯೋಚಿಸಿ.

ಇಷ್ಟು ಹೇಳಿದ ಮೇಲೆ ಹೆಂಗಸರ ಕೂಟಗಳಲ್ಲಿ ನಾನು ಕಂಡ ಕೊರತೆಗಳನ್ನೂ ಹೇಳಬೇಕು. ಇಲ್ಲದಿದ್ದರೆ ಇದು ಹೊಗಳಿಕೆ ಆಗುತ್ತದೆ, ವಿಮರ್ಶೆ ಆಗುವುದಿಲ್ಲ.

ಮೊದಲನೆಯದು, ಬೇರೆ ಕೂಟ ದೊಡ್ಡ ವೇದಿಕೆಯವರಿಗೆ ಒಂದು ನೆಪ ಆಗಬಾರದು. ನಮ್ಮ ಕಡೆಯ ಉತ್ಸವಗಳಲ್ಲಿ ನಾನು ಕಂಡದ್ದು ಹೀಗೆ: ಮಹಿಳಾ ತಾಳಮದ್ದಳೆ, ಮಹಿಳಾ ಭಜನೆ ಎಲ್ಲ ಮಧ್ಯಾಹ್ನ ಊಟದ ಹೊತ್ತಿಗೆ. ಕೇಳುವವರು ಎಲೆಯ ಎದುರು, ಹಾಡುವವರು ಖಾಲಿ ಕುರ್ಚಿಯ ಎದುರು. ರಾತ್ರಿಯ ಜನ ಸೇರುವ ಹೊತ್ತು ಗಂಡಸರಿಗೆ. ಕೇಳಿದರೆ “ಹೆಂಗಸರಿಗೆ ಅಂತಲೇ ಕೊಟ್ಟಿದ್ದೇವಲ್ಲ” ಎನ್ನುತ್ತಾರೆ. ಹೀಗಾದರೆ ಕೂಟ ಮಾಡಿದ್ದರಿಂದ ಲಾಭ ಏನು?

ಎರಡನೆಯದು, ಹೆಂಗಸರು ಎಂದರೆ ಎಲ್ಲರೂ ಒಂದೇ ಅಲ್ಲ. ಅಯಲ್‌ಕೂಟದಲ್ಲಿ ಮಲಯಾಳ ಬರೆಯಲು ಬಲ್ಲವಳೇ ಹೆಚ್ಚಾಗಿ ಸೆಕ್ರೆಟರಿ. ಕನ್ನಡ, ತುಳು ಮಾತ್ರ ಬಲ್ಲ ನಮ್ಮ ಅಕ್ಕತಂಗಿಯರು ರುಜು ಹಾಕಿ ಸುಮ್ಮನೆ ಕೂರುತ್ತಾರೆ. ಕೊರಗ ಕಾಲನಿಯ ಹೆಂಗಸು ಬಂದರೆ ಚಾಪೆಯ ತುದಿಯಲ್ಲಿ ಕೂರುವುದನ್ನು ನಾನು ನೋಡಿದ್ದೇನೆ. ಹೊರಗಿನ ಬಾಗಿಲು ಹಾಕಿದ ಮೇಲೆ ಒಳಗೆ ಇನ್ನೊಂದು ಬಾಗಿಲು ಇರಬಾರದು. ಬೆಂಗಳೂರಿನ ಕೂಟದಲ್ಲಿಯೂ ಇಂಗ್ಲಿಷ್ ಬಾರದವರು ಹಿಂದೆ ಕೂರುತ್ತಾರಂತೆ. ಮಗಳೇ ಒಪ್ಪಿಕೊಂಡಳು.

ಮೂರನೆಯದು, ಬಾಗಿಲಿನ ನಿಯಮವನ್ನು ಆಗಾಗ ನೋಡಿ ಬದಲಿಸಬೇಕು. ಆ ಗ್ನೋಮ್ ತಂಡದ ಕೆಲಸ ಮುಂದೆ ‘ಔಟ್‌ರೀಚಿ’ ಎಂಬ ಹೆಸರಿನಲ್ಲಿ ದೊಡ್ಡದಾಗಿ, ಗಂಡು ಹೆಣ್ಣು ಎಂಬ ಎರಡು ಪಟ್ಟಿಯಲ್ಲಿ ಸೇರದವರಿಗೂ, ಬೇರೆ ಕಾರಣಗಳಿಂದ ಹಿಂದೆ ಉಳಿದವರಿಗೂ ತೆರೆಯಿತು. ಆದರೆ ಬಾಗಿಲು ಸಡಿಲ ಆದರೆ ಏನಾಗಬಹುದು ಎಂಬುದೂ ಕಂಡಿದೆ. 2023ರಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಗ್ರೇಸ್ ಹಾಪರ್ ಎಂಬ ವಿಜ್ಞಾನಿಯ ಹೆಸರಿನ ಮಹಿಳಾ ಕಂಪ್ಯೂಟರ್ ಸಮ್ಮೇಳನ ನಡೆಯಿತು. ಅಲ್ಲಿ ಗಂಡಸರಿಗೂ ಪ್ರವೇಶ ಇತ್ತು. ಕೆಲಸ ಸಿಗದ ಕಾಲ, ಉದ್ಯೋಗ ಮೇಳದ ಸಾಲಿಗೆ ಗಂಡಸರು ನುಗ್ಗಿದರು. ಹೆಂಗಸರಿಗೆ ಕಾದು ನಿಲ್ಲುವ ಜಾಗವೂ ಕಡಿಮೆಯಾಯಿತು. ನಡೆಸಿದವರೇ ಬೇಸರ ಪಟ್ಟರು. ಹಾಗಾಗಿ ಎಷ್ಟು ತೆರೆಯಬೇಕು, ಯಾವಾಗ ತೆರೆಯಬೇಕು ಎಂಬುದನ್ನು ಒಳಗೆ ಕೂತವರೇ ತೀರ್ಮಾನ ಮಾಡಲಿ. ಹೊರಗೆ ನಿಂತ ನಾನು ಗಡುವು ಹಾಕುವುದು ಸರಿಯಲ್ಲ.

ಕೊನೆಗೆ ಜಗಲಿಯ ಹುಡುಗನಿಗೆ ಒಂದು ಮಾತು. ತಮ್ಮಾ, ಗಂಡಸರಿಗೆ ಮಾತ್ರ ಎಂದು ಬೋರ್ಡು ಹಾಕಿದರೆ ಬಿಡುತ್ತಾರಾ ಎಂದು ಕೇಳಿದೆಯಲ್ಲ. ಅಂದು ಸಂಜೆ ಜಗಲಿಯಲ್ಲಿ ಹದಿನೊಂದು ಮಂದಿ ಇದ್ದೆವು. ಹೆಂಗಸು ನನ್ನ ಮಗಳು ಒಬ್ಬಳೇ, ಅವಳೂ ಎದ್ದು ಹೋದಳು. ಬೋರ್ಡಿನಲ್ಲಿ ‘ಸಾರ್ವಜನಿಕ ವಾಚನಾಲಯ’ ಎಂದೇ ಉಂಟು. ಈ ಪುಸ್ತಕದಲ್ಲಿ ಲೇಖನ ಬರೆದವರ ಹೆಸರುಗಳನ್ನೂ ಒಮ್ಮೆ ಎಣಿಸಿ ನೋಡು.

ಕೇರಳದ ಗ್ರಂಥಾಲಯಗಳಲ್ಲಿ ವನಿತಾವೇದಿ ಎಂದು ಇರುತ್ತದೆ. ನಮ್ಮಲ್ಲಿಯೂ ಕಾಗದದಲ್ಲಿ ಉಂಟು. ಅದಕ್ಕೆ ವಾರದಲ್ಲಿ ಒಂದು ಸಂಜೆ ಬಿಟ್ಟುಕೊಡಬೇಕು, ಬೀಗದ ಕೈ ಅವರ ಕೈಯಲ್ಲೇ ಇರಬೇಕು, ನಾವು ಯಾರೂ ಜಗಲಿಯಲ್ಲಿ ಕೂರಬಾರದು, ವಾರ್ಷಿಕೋತ್ಸವದಲ್ಲಿ ಅವರಿಗೆ ರಾತ್ರಿ ಎಂಟು ಗಂಟೆಯ ಹೊತ್ತು ಕೊಡಬೇಕು ಎಂದು ನಾನು ಸಮಿತಿಯವರಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಆ ಎಂಟು ಗಂಟೆ ಈವರೆಗೆ ನನ್ನ ಹಾಡಿನ ಹೊತ್ತು. ಅದನ್ನು ಬಿಡುತ್ತೇನೆ ಎಂದೂ ಬರೆದಿದ್ದೇನೆ. ಅಕ್ಕನಲ್ಲಿ ಹೇಳಿದೆ, ಆ ನದಿಯ ಹಾಡು ಹೇಳುತ್ತೀಯಾ ಎಂದು. “ನೋಡುವ” ಎಂದಳು. ಹೇಳಿದರೆ ಕೆಳಗೆ ಕೂತು ಕೇಳುತ್ತೇನೆ, ತಿದ್ದುವುದಿಲ್ಲ.